ಮನೆಯಲ್ಲಿ ಮಾಡಿದ ಫೋಮ್ ಬುಲೆಟ್ ಸರಿಯಾಗಿ ಹಾರುತ್ತಿಲ್ವಾ? ಗನ್ ಬಿಚ್ಚುವ ಮೊದಲು ಬುಲೆಟ್ ನೋಡಿ

ಶಿರಸಿಯ ಮಾರಿಕಾಂಬಾ ಜಾತ್ರೆಯಿಂದ ಒಂದು ಫೋಮ್ ಗನ್, ಅಂದರೆ ಮೆತ್ತನೆ ಫೋಮ್ ಬುಲೆಟ್ ಹಾರಿಸುವ ಆಟಿಕೆ, ಮನೆಗೆ ಬರುತ್ತದೆ. ಜೊತೆಗೆ ಹತ್ತು ಹನ್ನೆರಡು ಬುಲೆಟ್. ತಿಂಗಳೊಳಗೆ ಅರ್ಧ ಬುಲೆಟ್ ತೋಟದ ಕಾಲುವೆಗೆ ಸೇರುತ್ತವೆ, ಇನ್ನರ್ಧ ಹಂಚಿನ ಮೇಲೆ. ಅಲ್ಲಿಂದ ಮುಂದೆ ಮನೆಯಲ್ಲೇ ಮಾಡಬೇಕು. ನಾನಿರುವುದು ಕಾರವಾರದಲ್ಲಿ, ಅಕ್ಕನ ಮನೆ ಶಿರಸಿ ಹತ್ತಿರ. ಪ್ರತಿ ಬೇಸಿಗೆ ರಜೆಯಲ್ಲೂ ಅಕ್ಕನ ಮಗ ಒಂದು ಡಬ್ಬಿ ತುಂಬ ಕೆಟ್ಟ ಬುಲೆಟ್ ಹಿಡಿದು ಜಗಲಿಗೆ ಬರುತ್ತಾನೆ. "ಮಾವಾ, ಗನ್ ಹಾಳಾಯ್ದು, ಬುಲೆಟ್ ಹೋಗ್ತಿಲ್ಲೆ" ಅನ್ನುತ್ತಾನೆ. ಇಷ್ಟು ವರ್ಷದಲ್ಲಿ ಗನ್ ನಿಜವಾಗಿ ಹಾಳಾಗಿದ್ದು ಎರಡೇ ಸಲ. ಉಳಿದಷ್ಟೂ ಸಲ ತಪ್ಪು ಬುಲೆಟ್ಟಿನದೇ.

ಅದಕ್ಕೇ ಇಲ್ಲಿ ಎಲ್ಲವನ್ನೂ ಬುಲೆಟ್ಟಿನಿಂದ ಶುರು ಮಾಡಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಕ್ರೂ ಡ್ರೈವರ್ ಕೊನೆಗೆ.

ಚಿಕ್ಕವರಿದ್ದಾಗ ಬಿದಿರಿನ ಪೆಟ್ಲು ಮಾಡಿದವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಸಣ್ಣ ಬಿದಿರಿನ ಕೊಳವೆ, ಒಳಗೆ ಎರಡು ಹಸಿ ಕಾಯಿ, ಹಿಂದಿನಿಂದ ದೂಡಲು ಒಂದು ಕೋಲು. ಹಿಂದಿನ ಕಾಯಿ ದೂಡಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿ ಟಪ್ ಅಂತ ಹಾರುತ್ತಿತ್ತು. ಕಾಯಿ ಸಣ್ಣದಾದರೆ ಪುಸ್ ಅಂತ ಗಾಳಿ ಬದಿಯಿಂದ ಹೋಗುತ್ತಿತ್ತು. ದೊಡ್ಡದಾದರೆ ಕೋಲೇ ಮುರಿಯುತ್ತಿತ್ತು. ಸ್ಪ್ರಿಂಗ್ ಇರುವ ಫೋಮ್ ಗನ್ನಿನ ಕೆಲಸವೂ ಇದೇ. ಬಿಗಿ ಸರಿ ಇರಬೇಕು, ಅಷ್ಟೇ.

ಶುರು ಮಾಡುವ ಮೊದಲು

ನರ್ಫ್ ಬ್ರ್ಯಾಂಡಿನ ಮತ್ತು ಅದೇ ಮಾದರಿಯ ಗನ್ನುಗಳ ಸಾಮಾನ್ಯ ಬುಲೆಟ್ ಸುಮಾರು 12.7 ಮಿಲಿಮೀಟರ್ ದಪ್ಪ, ಅಂದರೆ ಅರ್ಧ ಇಂಚು. ಉದ್ದ 72 ಮಿಲಿಮೀಟರ್ ಆಸುಪಾಸು. ತೂಕ ಸುಮಾರು 1 ಗ್ರಾಂ. ಇದರ ಅರ್ಧ ಉದ್ದದ ಗಿಡ್ಡ ಬುಲೆಟ್ ಹೊಡೆಯುವ ಗನ್ನುಗಳೂ ಇವೆ. ಇಲ್ಲಿ ಹೇಳುವುದೆಲ್ಲ ಈ ದಪ್ಪದ ಬುಲೆಟ್ಟಿಗೆ.

ಫೋಮಿಗೆ ನಾನು ಬಳಸುವುದು ಬ್ಯಾಕರ್ ರಾಡ್. ಕಟ್ಟಡದ ಸಂದು, ಕಿಟಕಿ ಗಾಜಿನ ಅಂಚು ಮುಚ್ಚುವಾಗ ಸೀಲೆಂಟ್ ಹಾಕುವ ಮೊದಲು ಒಳಗೆ ತುರುಕುತ್ತಾರಲ್ಲ, ಆ ಉದ್ದನೆಯ ಬೂದು ಅಥವಾ ಬಿಳಿ ಫೋಮ್ ಹಗ್ಗ. ಅಲ್ಯುಮಿನಿಯಂ ಕಿಟಕಿ ಮಾಡುವವರ ಹತ್ತಿರ ಕೇಳಿ. ಅಂಗಡಿಗೆ ಹೋಗುವಾಗ ಒಂದು ಅಸಲಿ ಬುಲೆಟ್ ಕಿಸೆಯಲ್ಲಿರಲಿ. 12 ಮಿಲಿಮೀಟರ್ ಅಂತ ಕೊಟ್ಟ ರಾಡ್ 13 ದಾಟಿರುವುದೂ ಇದೆ, 11ಕ್ಕೆ ನಿಂತಿರುವುದೂ ಇದೆ.

ತುದಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ಬಿಲ್ಲೆ. ಅಂಟಿಸಲು ಗ್ಲೂ ಗನ್. ಇಷ್ಟೇ ಸಾಮಾನು.

ಕೆಲವನ್ನು ಯಾವ ಕಾರಣಕ್ಕೂ ತುದಿಗೆ ಹಾಕಬೇಡಿ: ಗುಂಡುಸೂಜಿ, ಮೊಳೆ, ಸ್ಕ್ರೂ, ಸೈಕಲ್ ಬಾಲ್ಸ್, ಕಲ್ಲು, ಸೀಸದ ತುಂಡು. ತೂಕ ಬೇಕು ಅಂತ ವಾಷರ್ ಹಾಕುವವರಿದ್ದಾರೆ. ಮೇಲಿನ ಬಿಲ್ಲೆ ಕಿತ್ತು ಬಂದರೆ ಮುಂದೆ ಉಳಿಯುವುದು ಕಬ್ಬಿಣ. ಮಕ್ಕಳ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಅಂದರೆ ಮಾರುವ ಮೊದಲು ಯಾರೋ ಪರೀಕ್ಷೆ ಮಾಡಿರುತ್ತಾರೆ. ನಮ್ಮ ಜಗಲಿಯಲ್ಲಿ ಮಾಡಿದ ಬುಲೆಟ್ಟಿಗೆ ಪರೀಕ್ಷಕರು ನಾವೇ. ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಗಾಗಲ್ ಎಲ್ಲರ ಕಣ್ಣಿಗೂ ಇರಬೇಕು. ಪರೀಕ್ಷೆ ಮಾಡುವವರಿಗೂ, ನೋಡುತ್ತ ನಿಂತವರಿಗೂ.

ಮೊಟ್ಟಮೊದಲ ಪರೀಕ್ಷೆ: ಅಸಲಿ ಬುಲೆಟ್ ಹಾಕಿ ನೋಡಿ

ಗನ್ನಿನ ಜೊತೆ ಬಂದ ಬುಲೆಟ್ ಒಂದನ್ನಾದರೂ ಡಬ್ಬಿಯಲ್ಲಿ ಎತ್ತಿಡಿ. ಆಡಲು ಕೊಡಬೇಡಿ. ಅದು ನಿಮ್ಮ ಅಳತೆಗೋಲು. ತೊಂದರೆ ಬಂದ ಕೂಡಲೇ ಅದನ್ನು ಹಾಕಿ ಗೋಡೆಗೆ ಹೊಡೆದು ನೋಡಿ. ಅದು ಚೆನ್ನಾಗಿ ಹಾರಿದರೆ ಗನ್ ಸರಿ ಇದೆ, ನೀವು ಮಾಡಿದ ಬುಲೆಟ್ ನೋಡಬೇಕು. ಅದೂ ಸೋತರೆ ಮಾತ್ರ ಗನ್ನಿನ ಕಡೆ ತಿರುಗಿ.

ಆಮೇಲೆ ಗನ್ ಯಾವ ಜಾತಿ ಅಂತ ನೋಡಿ. ಎಳೆದು ಬಿಡುವ ಗನ್ನಿನಲ್ಲಿ ಸ್ಪ್ರಿಂಗ್ ಗಾಳಿಯನ್ನು ದೂಡುತ್ತದೆ. ಬ್ಯಾಟರಿ ಗನ್ನಿನಲ್ಲಿ ಎರಡು ಚಕ್ರ ಎದುರುಬದುರು ತಿರುಗಿ ಬುಲೆಟ್ಟನ್ನು ಹಿಡಿದು ಎಸೆಯುತ್ತವೆ. ಒಂದೇ ಬುಲೆಟ್ ಒಂದರಲ್ಲಿ ಹಾರಿ ಇನ್ನೊಂದರಲ್ಲಿ ಸಿಕ್ಕಿಕೊಳ್ಳಬಹುದು.

ಬುಲೆಟ್ ಒಳಗೇ ಹೋಗುತ್ತಿಲ್ಲ, ಅರ್ಧಕ್ಕೆ ನಿಲ್ಲುತ್ತದೆ

ಮೊದಲು ತುದಿ ನೋಡಿ. ಗ್ಲೂ ಬದಿಗೆ ಇಳಿದು ಕೊಡೆಯ ಹಾಗೆ ಅಗಲವಾಗಿರುತ್ತದೆ. ಬೆರಳಿನಲ್ಲಿ ಸವರಿದರೆ ಗೊತ್ತಾಗುತ್ತದೆ. ಕಟರ್ ಬ್ಲೇಡಿನಿಂದ ಸುತ್ತ ಕೆರೆದು ಫೋಮಿನ ಮಟ್ಟಕ್ಕೆ ತನ್ನಿ. ಅರ್ಧದಷ್ಟು ದೂರುಗಳು ಇಲ್ಲೇ ಮುಗಿಯುತ್ತವೆ.

ತುದಿ ಸರಿ ಇದ್ದರೆ ಫೋಮ್ ದಪ್ಪ. ನಳಿಕೆಯಲ್ಲಿ ಬೆರಳಿನಿಂದ ಮೆಲ್ಲಗೆ ದೂಡಿದರೆ ಸ್ವಲ್ಪ ತಡೆದು ಒಳಗೆ ಸರಿಯಬೇಕು. ಗನ್ ಕೆಳಗೆ ಬಗ್ಗಿಸಿದರೆ ತಾನೇ ಬೀಳಬಾರದು. ಇದು ಸರಿಯಾದ ಬಿಗಿ. ಒತ್ತಿ ತುರುಕಬೇಕಾದರೆ ಆ ರಾಡ್ ಈ ಗನ್ನಿಗೆ ಅಲ್ಲ. ಮರಳು ಕಾಗದದಿಂದ ಉಜ್ಜಿ ತೆಳ್ಳಗೆ ಮಾಡಲು ನಾನು ನೋಡಿದ್ದೇನೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗಿ ಬುಲೆಟ್ ಓಡುವ ದಾರಿಯೇ ಕೆಡುತ್ತದೆ. ಬೇರೆ ರಾಡ್ ತರುವುದೇ ಒಳ್ಳೆಯದು.

ಇನ್ನೊಂದು ಕಾರಣ ಬಹಳ ಜನರಿಗೆ ಹೊಳೆಯುವುದಿಲ್ಲ. ಅಸಲಿ ಬುಲೆಟ್ಟಿನ ಹಿಂಬದಿ ನೋಡಿ. ಉದ್ದಕ್ಕೂ ತೂತು ಇದೆ. ಬ್ಯಾಕರ್ ರಾಡ್ ಗಟ್ಟಿ, ತೂತಿಲ್ಲ. ಕೆಲವು ಗನ್ನಿನ ನಳಿಕೆಯೊಳಗೆ ಸಣ್ಣ ಕಡ್ಡಿ ಇರುತ್ತದೆ, ಬುಲೆಟ್ಟಿನ ತೂತು ಆ ಕಡ್ಡಿಯ ಮೇಲೆ ಕೂರಬೇಕು. ಟಾರ್ಚ್ ಬಿಟ್ಟು ನೋಡಿ. ಹಾಗೆ ನೋಡುವ ಮೊದಲು ಸ್ಪ್ರಿಂಗ್ ಎಳೆದಿಲ್ಲ, ಒಳಗೆ ಬುಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕಡ್ಡಿ ಕಂಡರೆ ಗಟ್ಟಿ ರಾಡಿನ ಬುಲೆಟ್ ಆ ಗನ್ನಿಗೆ ಹೊಂದುವುದಿಲ್ಲ. ಕಡ್ಡಿಯನ್ನು ಮುರಿಯಬೇಡಿ. ಕಾಸಿದ ಸಲಾಕೆಯಿಂದ ಫೋಮಿಗೆ ತೂತು ಹೊಡೆಯುವುದೂ ಬೇಡ. ಹೊಗೆ ಮೂಗಿಗೆ ಬಡಿಯುತ್ತದೆ, ಕೈ ಸುಡುತ್ತದೆ, ತೂತು ನೆಟ್ಟಗೂ ಬರುವುದಿಲ್ಲ. ಆ ಗನ್ನಿಗೆ ತೂತಿರುವ ಬುಲೆಟ್ಟನ್ನೇ ಕೊಂಡುತನ್ನಿ.

ಟಪ್ ಅಂತ ಶಬ್ದ ಬರುತ್ತದೆ, ಬುಲೆಟ್ ಕಾಲ ಬುಡದಲ್ಲೇ ಬೀಳುತ್ತದೆ

ಇದು ಪೆಟ್ಲಿನ ಸಣ್ಣ ಕಾಯಿಯ ಕಥೆ. ಗಾಳಿ ಬುಲೆಟ್ಟಿನ ಬದಿಯಿಂದ ಸೋರುತ್ತಿದೆ. ಗನ್ ಕೆಳಗೆ ಬಗ್ಗಿಸಿ. ಬುಲೆಟ್ ಜಾರಿ ಬಿದ್ದರೆ ರಾಡ್ ತೆಳು. ಬುಲೆಟ್ಟಿಗೆ ಒಂದು ಸುತ್ತು ಟೇಪ್ ಹಾಕಿದರೆ ಅವತ್ತಿನ ಆಟ ನಡೆಯುತ್ತದೆ. ಆದರೆ ಟೇಪ್ ಬಿಚ್ಚಿಕೊಂಡು ಒಳಗೆ ಅಂಟಿದರೆ ಗನ್ ಬಿಚ್ಚಬೇಕಾಗುತ್ತದೆ, ಬೇಡ.

ಬಿಗಿ ಸರಿ ಇದ್ದರೂ ಹೀಗಾದರೆ ಬುಲೆಟ್ಟಿನ ಬಾಲ ನೋಡಿ. ಹರಿದಿದ್ದರೆ, ಸೀಳಿದ್ದರೆ ಗಾಳಿ ಅಲ್ಲಿಂದ ನುಸುಳುತ್ತದೆ. ಬ್ಲೇಡಿನಿಂದ 2 ಮಿಲಿಮೀಟರ್ ಕತ್ತರಿಸಿ ಹೊಸ ಬಾಲ ಮಾಡಿ.

ಉದ್ದವನ್ನೂ ಅಳೆಯಿರಿ. ಕೆಲವು ಗನ್ನುಗಳಲ್ಲಿ ಪ್ರತಿ ನಳಿಕೆಗೂ ಚಿಕ್ಕ ಕವಾಟ ಇರುತ್ತದೆ. ಬುಲೆಟ್ ಪೂರ್ತಿ ಒಳಗೆ ಕೂತು ಆ ಕವಾಟವನ್ನು ಒತ್ತಿದರೆ ಮಾತ್ರ ಗಾಳಿಯ ದಾರಿ ತೆರೆಯುತ್ತದೆ. ಖಾಲಿ ನಳಿಕೆಯಲ್ಲಿ ಗಾಳಿ ಹಾಳಾಗದಿರಲಿ ಅಂತ ಮಾಡಿದ ಉಪಾಯ ಅದು. ಬುಲೆಟ್ ಗಿಡ್ಡವಾದರೆ ಅಥವಾ ಆಳಕ್ಕೆ ಕೂರದಿದ್ದರೆ ಕವಾಟ ಮುಚ್ಚಿಯೇ ಇರುತ್ತದೆ. ಶಬ್ದ ಬರುತ್ತದೆ, ಬುಲೆಟ್ ಅಲ್ಲಾಡುವುದೇ ಇಲ್ಲ. ಒಂದು ನಳಿಕೆಯಲ್ಲಿ ಹಾರಿ ಇನ್ನೊಂದರಲ್ಲಿ ಹಾರದ ಬುಲೆಟ್ ಸಿಕ್ಕಿದರೆ ಇದನ್ನೇ ಅನುಮಾನಿಸಿ.

ಇಷ್ಟೆಲ್ಲ ಆಗಿ, ಅಸಲಿ ಬುಲೆಟ್ ಕೂಡ ಸೋತರೆ ಒಳಗೆ ಗಾಳಿ ದೂಡುವ ಪಿಸ್ಟನ್ನಿನ ರಬ್ಬರ್ ರಿಂಗು ಒಣಗಿರಬಹುದು ಅಥವಾ ಸವೆದಿರಬಹುದು. ಕವಾಟ ಇಲ್ಲದ ಗನ್ನಾದರೆ ಬಿಚ್ಚದೆ ತಿಳಿಯುವ ದಾರಿ ಇದೆ. ಬುಲೆಟ್ ಇಲ್ಲ ಅಂತ ಎರಡು ಸಲ ನೋಡಿ. ಸ್ಪ್ರಿಂಗ್ ಎಳೆಯಿರಿ, ಅಂಗೈಯಿಂದ ನಳಿಕೆಯ ಬಾಯಿ ಮುಚ್ಚಿ, ಟ್ರಿಗರ್ ಒತ್ತಿ. ಪಿಸ್ಟನ್ ಮೆಲ್ಲಗೆ ಮುಂದೆ ಬಂದರೆ ಒಳಗೆ ಗಾಳಿ ನಿಲ್ಲುತ್ತಿದೆ. ಧಡ್ ಅಂತ ಒಮ್ಮೆಲೇ ಬಡಿದರೆ ಸೋರುತ್ತಿದೆ. ಈ ಪರೀಕ್ಷೆ ಒಂದೆರಡು ಸಲ ಸಾಕು. ಬುಲೆಟ್ ಇಲ್ಲದೆ ಪದೇ ಪದೇ ಹೊಡೆದರೆ ಪಿಸ್ಟನ್ ನೇರ ಪ್ಲಾಸ್ಟಿಕ್ಕಿಗೆ ಬಡಿದು ಬಿರುಕು ಬಿಡುತ್ತದೆ. ಮಕ್ಕಳಿಗೆ ಆ ಶಬ್ದ ಇಷ್ಟ, ಸುಮ್ನೆ ಹೊಡೆಯುತ್ತ ಕೂರುತ್ತಾರೆ. ತಡೆಯಿರಿ.

ಇಲ್ಲಿ ಕೊಬ್ಬರಿ ಎಣ್ಣೆಯ ಮಾತು ಹೇಳಲೇಬೇಕು. ನಮ್ಮ ಕಡೆ ಬಾಗಿಲಿನ ಕೀಲಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲದಕ್ಕೂ ಅದೇ. ಗನ್ನಿಗೆ ಹಾಕಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ವಾ? ಪಿಸ್ಟನ್ನಿನಲ್ಲೂ ಹಾಗೇ ಆಗುತ್ತದೆ. ಬೇಸಿಗೆಯಲ್ಲಿ ಕರಗಿ ನಳಿಕೆಗೆ ಇಳಿದು ಫೋಮಿಗೆ ಹತ್ತುತ್ತದೆ. ಎಣ್ಣೆ ತಾಗಿದ ಫೋಮಿಗೆ ಆಮೇಲೆ ಯಾವ ಗ್ಲೂ ಕೂಡ ಹಿಡಿಯುವುದಿಲ್ಲ. ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್, ಅದೂ ಕಡಲೆಕಾಳಿನಷ್ಟು ಸಾಕು.

ಗಿರಕಿ ಹೊಡೆಯುತ್ತ ಹಾರುತ್ತದೆ, ಎಲ್ಲೋ ಹೋಗುತ್ತದೆ

ಮನೆಯಲ್ಲಿ ಮಾಡಿದ ಬುಲೆಟ್ಟಿನ ಅತಿ ದೊಡ್ಡ ತೊಂದರೆ ಇದು. ನನಗೆ ಜಾಸ್ತಿ ಸಮಯ ಹಿಡಿದದ್ದೂ ಇದೇ. ಇದರಲ್ಲಿ ಮೂರು ಬೇರೆ ಬೇರೆ ನಡಿಗೆ ಇವೆ. ಕಣ್ಣಿನಿಂದ ಗುರುತಿಸಲು ಕಲಿತರೆ ಅರ್ಧ ಕೆಲಸ ಆಯಿತು. ಬಿಳಿ ಗೋಡೆಯ ಮುಂದೆ ಅಡ್ಡಲಾಗಿ ಹೊಡೆಯಲು ಹೇಳಿ, ನೀವು ಬದಿಯಲ್ಲಿ ನಿಂತು ನೋಡಿ. ಫೋನಿನಲ್ಲಿ ನಿಧಾನ ಚಲನೆಯ ವಿಡಿಯೋ ತೆಗೆದರೆ ಇನ್ನೂ ಸ್ಪಷ್ಟ.

ಒಂದು, ಬುಲೆಟ್ ನಳಿಕೆ ಬಿಟ್ಟ ಕೂಡಲೇ ತಲೆಕೆಳಗಾಗಿ ಪಲ್ಟಿ ಹೊಡೆಯುತ್ತದೆ. ಅಂದರೆ ತುದಿ ಹಗುರ. ಬಾಣದ ಮೂತಿ ಭಾರ, ಬಾಲ ಹಗುರ ಇರುವುದು ಸುಮ್ನೆ ಅಲ್ಲ. ಭಾರ ಮುಂದಿದ್ದರೆ ಗಾಳಿ ಬಾಲವನ್ನು ಹಿಂದಕ್ಕೆ ತಳ್ಳಿ ನೇರ ಇಡುತ್ತದೆ. ಬುಲೆಟ್ಟನ್ನು ಚಾಕುವಿನ ಬೆನ್ನಿನ ಮೇಲೆ ಅಡ್ಡ ಇಟ್ಟು ತೂಗಿ. ಎತ್ತಲೂ ವಾಲದೆ ನಿಲ್ಲುವ ಜಾಗ ತುದಿಯಿಂದ ಮೊದಲ ಮೂರನೇ ಒಂದು ಭಾಗದೊಳಗೆ ಇರಬೇಕು. 72 ಮಿಲಿಮೀಟರ್ ಬುಲೆಟ್ಟಿಗೆ 24 ಮಿಲಿಮೀಟರ್ ಒಳಗೆ. ನಡುವೆ ನಿಂತರೆ ಪಲ್ಟಿ ಹೊಡೆಯುವುದು ಖಂಡಿತ. ಇನ್ನೊಂದು ಚಪ್ಪಲಿ ಬಿಲ್ಲೆ ಸೇರಿಸಿ, ಅಥವಾ ದಪ್ಪ ಅಟ್ಟೆಯ ಬಿಲ್ಲೆ ಹಾಕಿ.

ಎರಡು, ಬುಲೆಟ್ ಮುಂದೆಯೇ ಹೋಗುತ್ತದೆ, ಆದರೆ ಸುರುಳಿ ಸುತ್ತುತ್ತ ಹೋಗುತ್ತದೆ. ಇದು ತೂಕದ ತೊಂದರೆ ಅಲ್ಲ. ಬಿಲ್ಲೆ ಒಂದು ಬದಿಗೆ ಸರಿದಿದೆ, ಅಥವಾ ಫೋಮ್ ಬಾಗಿದೆ. ಬುಲೆಟ್ಟನ್ನು ಮೇಜಿನ ಮೇಲೆ ಉರುಳಿಸಿ. ನೆಟ್ಟಗಿದ್ದರೆ ಸಲೀಸಾಗಿ ಉರುಳುತ್ತದೆ. ಬಾಗಿದ್ದರೆ ಕುಂಟುತ್ತ ಉರುಳಿ ಪ್ರತಿ ಸಲ ಒಂದೇ ಮಗ್ಗುಲಿಗೆ ನಿಲ್ಲುತ್ತದೆ. ಬ್ಯಾಕರ್ ರಾಡ್ ಸುರುಳಿಯಾಗಿ ಬರುವುದರಿಂದ ಆ ಬಾಗು ಅದಕ್ಕೆ ಅಂಟಿಕೊಂಡಿರುತ್ತದೆ. ಕತ್ತರಿಸುವ ಮೊದಲೇ ನೆಟ್ಟಗೆ ಮಾಡಬೇಕು. ನಾನು ಒಂದೊಂದು ಮೀಟರ್ ತುಂಡು ಮಾಡಿ ಮನೆ ವೈರಿಂಗ್ ಪೈಪಿನೊಳಗೆ ತೂರಿಸುತ್ತೇನೆ. ಆ ಪೈಪನ್ನು ಅಂಗಳದ ಬಿಸಿಲಲ್ಲಿ ಒಂದು ಮಧ್ಯಾಹ್ನ ಬಿಟ್ಟು, ರಾತ್ರಿ ತಣ್ಣಗಾದ ಮೇಲೆ ಹೊರಗೆ ತೆಗೆಯುತ್ತೇನೆ. ಮಳೆಗಾಲದಲ್ಲಿ ಬಿಸಿಲು ಎಲ್ಲಿದೆ? ಆಗ ಜಗಲಿಯ ತೊಲೆಗೆ ರಾಡ್ ಕಟ್ಟಿ, ಕೆಳಗೆ ಅರ್ಧ ಲೀಟರ್ ನೀರಿನ ಬಾಟಲಿ ತೂಗಹಾಕಿ ಎರಡು ದಿನ ಬಿಡುತ್ತೇನೆ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ದೂರದಿಂದ ಹಿಡಿಯಬಹುದು.

ಬಚ್ಚಲ ಒಲೆಯ ಹತ್ತಿರ ಮಾತ್ರ ತರಬೇಡಿ. ಮಳೆಗಾಲದಲ್ಲಿ ಬಟ್ಟೆಯಿಂದ ಅಡಿಕೆವರೆಗೆ ಎಲ್ಲವನ್ನೂ ಬೆಂಕಿಯ ಕಾವಿಗೆ ಒಣಗಿಸಿ ನಮಗೆ ರೂಢಿ. ಈ ಫೋಮ್ ಪಾಲಿಥೀನ್. ಅದು 110 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಮುದುಡುತ್ತದೆ. ಬೆಂಕಿ ತಾಗಿದರೆ ಉರಿದು ತೊಟ್ಟಿಕ್ಕುತ್ತದೆ.

ಮೂರು, ಬುಲೆಟ್ ನೆಟ್ಟಗೆ ಹಾರುತ್ತದೆ, ಆದರೆ ಪ್ರತಿ ಸಲ ಒಂದೇ ಬದಿಗೆ ಎಳೆಯುತ್ತದೆ. ಬಾಲದ ಕಡಿತ ಓರೆಯಾಗಿರುತ್ತದೆ. ಕೈ ಅಂದಾಜಿನಲ್ಲಿ ಕತ್ತರಿಸಿದರೆ ಹೀಗೇ. ಕಿಟಕಿಯವರ ಹತ್ತಿರ ಅಲ್ಯುಮಿನಿಯಂ ಪಟ್ಟಿಯ ತುಂಡೊಂದು ಕೇಳಿ ತನ್ನಿ. ರಾಡನ್ನು ಅದರ ಕಾಲುವೆಯೊಳಗೆ ಮಲಗಿಸಿ ಅಂಚಿಗೆ ಬ್ಲೇಡ್ ತಾಗಿಸಿ ಕತ್ತರಿಸಿ. ಬ್ಲೇಡ್ ಹೊಸದಿರಲಿ. ಮೊಂಡ ಬ್ಲೇಡ್ ಫೋಮನ್ನು ಕತ್ತರಿಸುವ ಮೊದಲು ಜಜ್ಜುತ್ತದೆ. ಕತ್ತರಿಸುವುದು ದೊಡ್ಡವರ ಕೆಲಸ.

ಒಂದೇ ಕಂತಿನಲ್ಲಿ ಮಾಡಿದ ಬುಲೆಟ್ಟುಗಳಲ್ಲಿ ಕೆಲವು ಚೆನ್ನಾಗಿ, ಕೆಲವು ಕೆಟ್ಟದಾಗಿ ಹಾರುತ್ತಿದ್ದರೆ ತೂಕದ ಏರುಪೇರು ಇರಬಹುದು. ಅಡುಗೆಮನೆಯ ತಕ್ಕಡಿ 1 ಗ್ರಾಂ ಸರಿಯಾಗಿ ತೋರಿಸುವುದಿಲ್ಲ. ಹತ್ತು ಬುಲೆಟ್ ಒಟ್ಟಿಗೆ ಇಡಿ. 9ರಿಂದ 11 ಗ್ರಾಂ ಬಂದರೆ ಸರಾಸರಿ ಸರಿ. ಬಿಡಿಬಿಡಿಯಾಗಿ ನೋಡಬೇಕಾದರೆ ಪರಿಚಯದ ಅಕ್ಕಸಾಲಿಗರ ತಕ್ಕಡಿಯೇ ಬೇಕು.

ಹಾರಿದ ಕೂಡಲೇ ಮೂತಿ ಕೆಳಗಾಗಿ ನೆಲ ಕಚ್ಚುತ್ತದೆ

ತುದಿ ಭಾರವಾಯಿತು. ಗ್ಲೂ ಉಂಡೆ ಕಟ್ಟಿದೆ, ಅಥವಾ ಬಿಲ್ಲೆಗಳು ಜಾಸ್ತಿಯಾಗಿವೆ. ಮೇಲಿನ ಹತ್ತು ಬುಲೆಟ್ಟಿನ ತೂಕ 15 ಗ್ರಾಂ ದಾಟಿದರೆ ತೆಗೆದುಬಿಡಿ. ಭಾರದ ಬುಲೆಟ್ ದೂರ ಹೋಗದಿದ್ದರೂ ಹತ್ತಿರದಲ್ಲಿ ಜೋರಾಗಿ ಬಡಿಯುತ್ತದೆ. ಹೆಚ್ಚು ದೂರ ಬೇಕು ಅಂತ ಗಟ್ಟಿ ಸ್ಪ್ರಿಂಗ್ ಹಾಕಲು ಹೋಗಬೇಡಿ. ಅದು ಆಟದ ಗನ್ನನ್ನು ಆಟದ ಗನ್ನಾಗಿ ಉಳಿಸುವುದಿಲ್ಲ.

ತುದಿ ಕಿತ್ತು ಬರುತ್ತದೆ

ಇದು ಕಂಡ ಕೂಡಲೇ ಆಟ ನಿಲ್ಲಿಸಿ. ಎಲ್ಲ ಬುಲೆಟ್ ಒಟ್ಟು ಮಾಡಿ ಒಂದೊಂದರ ತುದಿಯನ್ನೂ ಎರಡು ಬೆರಳಿನಲ್ಲಿ ಹಿಡಿದು ಎಳೆದು ನೋಡಿ. ಅಲ್ಲಾಡಿದ್ದು ಪಕ್ಕಕ್ಕೆ.

ಪಾಲಿಥೀನ್ ಸ್ವಭಾವದಲ್ಲೇ ಅಂಟು ಹಿಡಿಯದ ವಸ್ತು. ಹಾಲಿನ ಪ್ಯಾಕೆಟ್ಟಿಗೆ ಗೋಂದು ಹಿಡಿಯದಿರುವುದು ಅದಕ್ಕೇ. ಆದರೂ ಬಿಸಿ ಗ್ಲೂ ಫೋಮಿನ ಕತ್ತರಿಸಿದ ಮುಖದ ಸಣ್ಣ ಗುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಮುಖ ಹೊಸದಾಗಿ ಕತ್ತರಿಸಿದ್ದಿರಬೇಕು, ಒಣಗಿರಬೇಕು, ಎಣ್ಣೆ ಕೈ ತಾಗಿರಬಾರದು. ಹಲಸಿನ ಚಿಪ್ಸ್ ತಿಂದ ಕೈಯಲ್ಲಿ ಅಂಟಿಸಿದ ಬುಲೆಟ್ ನಾಲ್ಕು ಹೊಡೆತಕ್ಕೆ ಬಿಟ್ಟಿದ್ದನ್ನು ನಾನೇ ಕಂಡಿದ್ದೇನೆ. ಇನ್ನು ಗ್ಲೂ ಸ್ಟಿಕ್ಕಿನ ಮುಖ್ಯ ಸಾಮಾನು ಇವಿಎ ಅನ್ನುವ ಮೆತ್ತನೆ ಪ್ಲಾಸ್ಟಿಕ್. ಹಗುರ ಚಪ್ಪಲಿಯ ಅಟ್ಟೆಯೂ ಎಷ್ಟೋ ಸಲ ಅದೇ. ಅದಕ್ಕೇ ಬಿಲ್ಲೆಯ ಕಡೆ ಗ್ಲೂ ಗಟ್ಟಿಯಾಗಿ ಹಿಡಿಯುತ್ತದೆ, ಬಿಡುವುದು ಯಾವಾಗಲೂ ಫೋಮಿನ ಕಡೆಯೇ.

ಕಿತ್ತ ತುದಿಯನ್ನು ತಿರುಗಿಸಿ ನೋಡಿ. ಗ್ಲೂ ನುಣ್ಣಗೆ ಹೊಳೆಯುತ್ತಿದ್ದರೆ ಅದು ತಣ್ಣಗಿತ್ತು, ಫೋಮಿನ ಗುಳಿಗೆ ಇಳಿದೇ ಇಲ್ಲ. ಮಳೆಗಾಲದ ಸಂಜೆ ವೋಲ್ಟೇಜ್ ಬಿದ್ದಾಗ ಗ್ಲೂ ಗನ್ ಕಾಯಲು ಜಾಸ್ತಿ ಹೊತ್ತು ಬೇಕು. ಗ್ಲೂ ತಾನಾಗಿ ತೆಳ್ಳಗೆ ಇಳಿಯುವವರೆಗೆ ಕಾಯಿರಿ. ಗ್ಲೂಗೆ ಫೋಮಿನ ತುಣುಕು ಅಂಟಿಕೊಂಡು ಬಂದಿದ್ದರೆ ಅಂಟು ಗಟ್ಟಿ ಇತ್ತು, ಫೋಮ್ ಹರಿದಿದೆ. ಅದು ಹಳೆಯ ಬುಲೆಟ್, ಎಸೆಯಿರಿ. ಫೋಮ್ ಕರಗಿ ಗುಂಡಿ ಬಿದ್ದಿದ್ದರೆ ಗ್ಲೂ ಅತಿ ಬಿಸಿ. ಎರಡು ಬಗೆಯ ಗ್ಲೂ ಗನ್ ಸಿಗುತ್ತವೆ, ಈ ಕೆಲಸಕ್ಕೆ ಕಡಿಮೆ ಶಾಖದ್ದು ಒಳ್ಳೆಯದು. ಅದೂ ಚರ್ಮ ಸುಡುವಷ್ಟು ಬಿಸಿಯೇ. ಕೈಗೆ ಬಿದ್ದರೆ ಎಳೆದು ಕೀಳಬೇಡಿ. ತಣ್ಣಗಿನ ನೀರು ಹರಿಯುವ ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಬೊಕ್ಕೆ ದೊಡ್ಡದಾಗಿದ್ದರೆ ಡಾಕ್ಟರಿಗೆ ತೋರಿಸಿ.

ಕ್ಷಣದಲ್ಲಿ ಅಂಟುವ ಚಿಕ್ಕ ಟ್ಯೂಬಿನ ಗಮ್ಮು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಾಲಿಥೀನಿಗೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಗಾಜಿನ ಹಾಗೆ ಗಡುಸಾಗುತ್ತದೆ. ಫೆಲ್ಟ್ ಬಿಲ್ಲೆ ಹಾಕುವವರು ಕರಾವಳಿಯಲ್ಲಿ ಸ್ವಲ್ಪ ಯೋಚಿಸಿ. ಜೂನ್ ಬಂತೆಂದರೆ ಫೆಲ್ಟ್ ತೇವ ಕುಡಿದು ಭಾರವಾಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಚಪ್ಪಲಿ ಬಿಲ್ಲೆಗೆ ಆ ಕಾಟ ಇಲ್ಲ. ದುಂಡಗೆ ಕತ್ತರಿಸಲು ಚಪ್ಪಲಿ ರಿಪೇರಿಯವರ ಹತ್ತಿರ ಪಂಚ್ ಇರುತ್ತದೆ. ಒಂದು ಹಳೆಯ ಜೊತೆ ಕೊಟ್ಟರೆ ಹತ್ತು ನಿಮಿಷದಲ್ಲಿ ಒಂದು ಮುಷ್ಟಿ ಬಿಲ್ಲೆ ಮಾಡಿಕೊಡುತ್ತಾರೆ.

ಬುಲೆಟ್ ಚಪ್ಪಟೆಯಾಗಿದೆ, ನಡು ಮುರಿದಿದೆ

ಇದು ಇಟ್ಟ ಜಾಗದ ತಪ್ಪು. ಮ್ಯಾಗಜಿನ್ನಿನಲ್ಲಿ ತುಂಬಿ ವಾರಗಟ್ಟಲೆ ಬಿಟ್ಟರೆ ಸ್ಪ್ರಿಂಗ್ ಒತ್ತಿ ಫೋಮ್ ಚಪ್ಪಟೆಯಾಗುತ್ತದೆ. ಹಂಚಿನ ಕೆಳಗಿನ ಮೆತ್ತಿನಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಟ್ಟರೂ ಕೆಡುತ್ತದೆ. ಆಟ ಮುಗಿದ ಮೇಲೆ ಖಾಲಿ ಮಾಡಿ, ಡಬ್ಬಿಯಲ್ಲಿ ಮಲಗಿಸಿ ಇಡಿ. ನಡು ಮುರಿದದ್ದನ್ನು ಟೇಪ್ ಸುತ್ತಿ ಬಳಸಬೇಡಿ. ಗಿಡ್ಡ ಬುಲೆಟ್ಟಿನ ಗನ್ ಇದ್ದರೆ ಮುಂದಿನ ಅರ್ಧ ಅದಕ್ಕೆ ಆದೀತು.

ಬ್ಯಾಟರಿ ಗನ್: ಚಕ್ರ ಕೂಗುತ್ತದೆ, ಬುಲೆಟ್ ಹೊರಗೆ ಬರುವುದಿಲ್ಲ

ಕೂಗು ಎಂಥದು ಕೇಳಿ. ಸಣ್ಣಗೆ, ಸೋತ ಹಾಗೆ ಇದ್ದರೆ ಸೆಲ್ ಇಳಿದಿದೆ. ಹೊಸ ಸೆಲ್ ಹಾಕಿ. ಮುಚ್ಚಳ ತೆಗೆದಾಗ ಲೋಹದ ಪಟ್ಟಿಯಲ್ಲಿ ಹಸಿರು ಕಿಲುಬು ಕಂಡರೆ ಅದು ಕಡಲ ಗಾಳಿಯ ಕೆಲಸ. ಕಾರವಾರ, ಅಂಕೋಲಾ, ಕುಮಟಾದವರಿಗೆ ಇದು ಹೊಸದಲ್ಲ. ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ. ಬರಿಗೈ ಹಾಕದೆ, ಹತ್ತಿಯ ಕಡ್ಡಿಗೆ ನಿಂಬೆರಸ ತಾಗಿಸಿ ಒರೆಸಿ, ಒಣಗಿಸಿ.

ಕೂಗು ಜೋರಾಗಿಯೇ ಇದ್ದರೆ ಟ್ರಿಗರ್ ಬೇಗ ಒತ್ತಿದ್ದೀರಾ ನೋಡಿ. ಚಕ್ರ ಪೂರ್ತಿ ವೇಗಕ್ಕೆ ಬರಲು ಒಂದೆರಡು ಸೆಕೆಂಡ್ ಬೇಕು. ಆಮೇಲೆ ಬುಲೆಟ್. ಎರಡು ಚಕ್ರಗಳ ನಡುವಿನ ಸಂದು ಬುಲೆಟ್ಟಿಗಿಂತ ಕಿರಿದು, ಹಾಗಾಗಿ ತುದಿ ಅಲ್ಲಿ ನಲುಗಿ ದಾಟಬೇಕು. ಗಡುಸು ಗ್ಲೂ ತುದಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಟರಿ ಗನ್ನಿಗೆ ಗ್ಲೂ ಕಡಿಮೆ, ಮೆತ್ತನೆ ಬಿಲ್ಲೆ. ಸಿಕ್ಕಿಕೊಂಡರೆ ಮೊದಲು ಸೆಲ್ ಹೊರಗೆ ತೆಗೆಯಿರಿ, ಆಮೇಲೆ ಬೆರಳು ಹಾಕಿ.

ಸುಟ್ಟ ವಾಸನೆ ಬಂದರೆ, ಹಿಡಿಕೆ ಬಿಸಿಯಾದರೆ, ಅಲ್ಲಿಗೆ ನಿಲ್ಲಿಸಿ. ಸೆಲ್ ತೆಗೆದು ತಣ್ಣಗಾಗಲು ಬಿಡಿ. ಮೋಟಾರ್ ನೋಡಬೇಕಾದರೆ ಎಲೆಕ್ಟ್ರಾನಿಕ್ಸ್ ರಿಪೇರಿಯವರ ಹತ್ತಿರ ಕೊಡಿ. ಜಾಸ್ತಿ ವೇಗಕ್ಕೆ ಅಂತ ಅದೇ ಗಾತ್ರದ 3.7 ವೋಲ್ಟ್ ಲಿಥಿಯಂ ಸೆಲ್ ಹಾಕುವುದುಂಟು. 1.5 ವೋಲ್ಟಿನ ಜಾಗಕ್ಕೆ ಅದು ಎರಡು ಪಟ್ಟಿಗೂ ಹೆಚ್ಚು. ಮೋಟಾರ್ ಸುಡುತ್ತದೆ, ಬೆಂಕಿಯೂ ಹತ್ತಬಹುದು.

ಕಡಲ ದಂಡೆಯಲ್ಲಿ ಆಡಿದ ಮೇಲೆ ಗನ್ ಕಚಕಚ ಅನ್ನುತ್ತದೆ

ಮರಳು. ಬುಲೆಟ್ಟಿಗೆ ಅಂಟಿದ ಮರಳು ನಳಿಕೆಗೆ ಹೋಗಿ ರಬ್ಬರ್ ರಿಂಗನ್ನು ತಿನ್ನುತ್ತದೆ. ಟ್ಯಾಗೋರ್ ಬೀಚಿನಲ್ಲಿ ಆಡಿದ ಮೇಲೆ ಬುಲೆಟ್ಟುಗಳನ್ನು ಸಿಹಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗನ್ನಿಗೆ ನೀರು ಬೇಡ, ಕೊಡವಿ ಬ್ರಷ್‌ನಿಂದ ಗುಡಿಸಿ. ಎರಡು ದಿನದಲ್ಲಿ ಸದ್ದು ಹೋಗದಿದ್ದರೆ ಬಿಚ್ಚಬೇಕು. ಆಗ ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಇರಲೇಬಾರದು, ಗಾಗಲ್ ಇರಲೇಬೇಕು. ಕವಚ ತೆಗೆಯುವಾಗ ಸ್ಪ್ರಿಂಗ್ ಹಾರಿ ಮುಖಕ್ಕೆ ಬರುತ್ತದೆ. ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆದುಕೊಳ್ಳಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರ ಪಕ್ಕ ಕೂತು ಬಿಚ್ಚಿ.

ದಂಡೆಯಲ್ಲಿ ಆಡುವ ಮೊದಲು ಬುಲೆಟ್ ಎಣಿಸಿ, ಆಡಿದ ಮೇಲೂ ಎಣಿಸಿ. ಈ ಫೋಮ್ ನೀರಿನಲ್ಲಿ ತೇಲುತ್ತದೆ, ಕರಗುವುದಿಲ್ಲ. ನಮ್ಮ ದಂಡೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಪ್ಲಾಸ್ಟಿಕ್ ತುಂಡನ್ನು ತಿಂಡಿ ಅಂದುಕೊಂಡು ನುಂಗುತ್ತವೆ. ಕೊಟ್ಟಿಗೆಯ ದನವೂ ಅಷ್ಟೇ. ಬೂದು ಫೋಮ್ ಹುಲ್ಲಿನಲ್ಲಿ ಕಾಣುವುದಿಲ್ಲ, ಅದಕ್ಕೆ ಎದ್ದು ಕಾಣುವ ಕೇಸರಿ ಬಿಲ್ಲೆ ಹಾಕಿ. ಗನ್ನಿನ ಆಟಿಕೆ ಬಣ್ಣವನ್ನು ಮಾತ್ರ ಹಾಗೇ ಬಿಡಿ. ನೌಕಾನೆಲೆ ಇರುವ ಊರಲ್ಲಿ ಕಪ್ಪು ಬಳಿದ ಗನ್ ಹಿಡಿದು ಮಕ್ಕಳು ರಸ್ತೆಗೆ ಹೋಗುವುದು ಬೇಡ.

ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಬಿಲ್ಲೆ, ಗಿಡ್ಡ ಬುಲೆಟ್, ಕಿತ್ತ ತುದಿ ಎಲ್ಲವೂ ಎತ್ತರದ ಕಪಾಟಿನಲ್ಲಿರಲಿ. ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು.

ಬುಲೆಟ್ ಕಣ್ಣಿಗೆ ಬಡಿದರೆ

ಫೋಮ್ ತಾನೇ, ಏನಾಗುತ್ತದೆ ಅನ್ನಬೇಡಿ. 2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು ಆಟಿಕೆ ಗನ್ನಿನ ಫೋಮ್ ಬುಲೆಟ್ ಬಡಿದ ಮೂವರ ಬಗ್ಗೆ ಬರೆದಿದ್ದರು. ಇಬ್ಬರು ದೊಡ್ಡವರು, ಒಬ್ಬ 11 ವರ್ಷದ ಹುಡುಗ. ಮೂವರಿಗೂ ಕಣ್ಣಿನೊಳಗೆ ರಕ್ತ ಇಳಿದಿತ್ತು.

ಕಣ್ಣು ಉಜ್ಜಬೇಡಿ, ಒತ್ತಬೇಡಿ, ನಾಟಿ ಔಷಧಿ ಬಿಡಬೇಡಿ. ಮಗುವನ್ನು ತಲೆ ಎತ್ತರಿಸಿ ಕೂರಿಸಿ. ನೋಟ ಮಂಜಾದರೆ, ಬೆಳಕು ನೋಡಲು ಆಗದಿದ್ದರೆ, ಕರಿಗುಡ್ಡೆಯ ಮುಂದೆ ಕೆಂಪು ಕಂಡರೆ, ನೋವು ಕಡಿಮೆಯಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ. ದಾರಿಯಲ್ಲಿ ಘಟ್ಟ ಇಳಿಯಬೇಕಾದರೂ ಸರಿ. ಬಡಿದ ಬುಲೆಟ್ಟನ್ನೂ ಜೊತೆಗೆ ಒಯ್ಯಿರಿ, ತುದಿಯಲ್ಲಿ ಏನಿತ್ತು ಅಂತ ಡಾಕ್ಟರಿಗೆ ತೋರಿಸಲು.